ನೋಟೀಸ್ ಬೋರ್ಡಿನ ಆ ಪಟ್ಟಿಯನ್ನು ದಯವಿಟ್ಟು ಕೆಳಗಿಳಿಸಿ

ಗೌರವಾನ್ವಿತ ಅಧ್ಯಕ್ಷರು, ಗೌರವ ಕಾರ್ಯದರ್ಶಿಗಳು ಹಾಗೂ ಆಡಳಿತ ಮಂಡಳಿಯ ಸದಸ್ಯರಿಗೆ,
ಪ್ರತಿ: ಮುಖ್ಯೋಪಾಧ್ಯಾಯರಿಗೆ

ವಿಷಯ: ಶಾಲೆಯ ಕಂಪ್ಯೂಟರ್ ಜಾಲದಲ್ಲಿ ಒಬ್ಬೊಬ್ಬರ ಇಂಟರ್ನೆಟ್ ಬಳಕೆಯ ಲೆಕ್ಕ, ಕೋಟಾ ಮತ್ತು ಹೆಸರು ಪ್ರಕಟಣೆ

ಮಾನ್ಯರೇ,

ಸಾದರ ನಮಸ್ಕಾರಗಳು. ಶಾಲೆಯ ಹೆಸರನ್ನು ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ಯಾವ ಶಾಲೆಯೆಂಬುದು ನಿಮಗೆ ಗೊತ್ತು, ಮಕ್ಕಳಿಗೂ ಗೊತ್ತು. ಮುಂಬಯಿಯ ಬೇರೆ ಕನ್ನಡ ಶಾಲೆಗಳೂ ಇದೇ ಬಗೆಯ ವ್ಯವಸ್ಥೆ ಹಾಕಿಸುವ ಮಾತಾಡುತ್ತಿರುವುದರಿಂದ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

ನಾವು ಕಂಡದ್ದು ಇಷ್ಟು. ದಾನಿಗಳ ನೆರವಿನಿಂದ ಬಂದ 24 ಕಂಪ್ಯೂಟರುಗಳ ಲ್ಯಾಬ್, ಅದಕ್ಕೆ 100 ಎಂಬಿಪಿಎಸ್ ಫೈಬರ್ ಸಂಪರ್ಕ. ಈ ಅವಧಿಯಿಂದ ಎಂಟು, ಒಂಬತ್ತು, ಹತ್ತನೇ ತರಗತಿಯ ಪ್ರತಿ ವಿದ್ಯಾರ್ಥಿಗೆ ತಿಂಗಳಿಗೆ 1 ಜಿಬಿ ಕೋಟಾ. ಸ್ಟಾಫ್ ರೂಮಿನ ಹೊರಗಿನ ಬೋರ್ಡಿನಲ್ಲಿ ತಿಂಗಳ ಪಟ್ಟಿ: ಹೆಸರು, ರೋಲ್ ನಂಬರ್, ಬಳಸಿದ ಎಂಬಿ, ಸಮಯ, ಹೋದ ತಾಣಗಳು. ಕೋಟಾ ಮೀರಿದವರ ಹೆಸರಿಗೆ ಕೆಂಪು ಶಾಯಿ, ಮುಂದಿನ ತಿಂಗಳವರೆಗೆ ಲ್ಯಾಬಿಗೆ ಪ್ರವೇಶವಿಲ್ಲ. ಹತ್ತನೇ ತರಗತಿಯ ಮೂವರು ಈಗ ಹೊರಗಿದ್ದಾರೆ, ಅದೂ ಪ್ರಿಲಿಮ್ ಪರೀಕ್ಷೆ ಹತ್ತಿರ ಬಂದಿರುವಾಗ. ಶಿಕ್ಷಕಿಯೊಬ್ಬರು ದಿನವಿಡೀ ಫೇಸ್‌ಬುಕ್‌ನಲ್ಲೇ ಇರುತ್ತಾರೆ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಪಟ್ಟಿ ಓದಿ ಹೇಳಲಾಗಿದೆ.

ಲೆಕ್ಕ ಇಡಬಾರದು ಎನ್ನುವವರು ನಾವಲ್ಲ. ನಮ್ಮಲ್ಲಿ ಹಲವರದು ನೆಟ್‌ವರ್ಕ್ ನೋಡಿಕೊಳ್ಳುವುದೇ ಹೊಟ್ಟೆಪಾಡು. ಹಂಚಿಕೊಂಡು ಬಳಸುವ ಲೈನಿಗೆ ಲೆಕ್ಕ ಬೇಕು, ಮಕ್ಕಳಿರುವ ಕಡೆ ಕಾವಲೂ ಬೇಕು. ನಮ್ಮ ತಕರಾರು ಬೇರೆ: ಬೋರ್ಡಿನಲ್ಲಿ ಮಗುವಿನ ಹೆಸರಿನ ಮುಂದಿರುವ ಅಂಕಿ ಆ ಮಗುವಿನದ್ದಲ್ಲ. ಅದು ಒಂದು ಯಂತ್ರದ್ದು, ಅದೂ ಸರಿಯಾಗಿ ಅಳೆದದ್ದಲ್ಲ.

ಇದಕ್ಕೆ ಸಾಕ್ಷಿ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಪಟ್ಟಿಯಲ್ಲೇ ಇದೆ. ಸಮಯದ ಕಾಲಂ ನೋಡಿ. ಬಹಳಷ್ಟು ಬಳಕೆ ‘ಬೆಳಗಿನ ಜಾವ 2:00’ರಿಂದ ಶುರುವಾಗುತ್ತದೆ. ಆ ಹೊತ್ತಿಗೆ ಗೇಟಿನ ಕೀಲಿ ವಾಚ್‌ಮನ್ ಕೈಯಲ್ಲಿರುತ್ತದೆ. ಲ್ಯಾಬಿಗೂ ಇಂಟರ್ನೆಟ್ಟಿಗೂ ನಡುವೆ ನಿಂತು ಬಳಕೆಯನ್ನು ಬರೆದಿಡುವ ಪ್ರಾಕ್ಸಿ ತಂತ್ರಾಂಶದ ಲಾಗ್, ಅಂದರೆ ದಾಖಲೆ, ಸಮಯವನ್ನು ಗ್ರೀನಿಚ್ ಲೆಕ್ಕದಲ್ಲಿ ಬರೆಯುತ್ತದೆ, ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ವರದಿ ತಯಾರಿಸಿದವರು 5:30 ಕೂಡಿಸಿಲ್ಲ. ಬೆಳಗಿನ 7:30ರ ಮೊದಲ ಪಿರಿಯಡ್ಡು ಪಟ್ಟಿಯಲ್ಲಿ ನಡುರಾತ್ರಿ ಕಳೆದ ಎರಡು ಗಂಟೆಯಾಗಿದೆ. ರಾತ್ರಿ ಎರಡಕ್ಕೆ ಏನು ಮಾಡುತ್ತಿದ್ದೆ ಎಂದು ಹುಡುಗನನ್ನು ಕೇಳಿದವರು ಒಮ್ಮೆ ಗಡಿಯಾರವನ್ನೂ ಕೇಳಬಹುದಿತ್ತು.

ಸಮಯ ತಪ್ಪಿದ್ದು ದೊಡ್ಡ ಮಾತಲ್ಲ, ಐದು ನಿಮಿಷದ ರಿಪೇರಿ. ದೊಡ್ಡ ತಪ್ಪು ಹೆಸರಿನದ್ದು. ಲ್ಯಾಬಿನ 24 ಯಂತ್ರಗಳಲ್ಲೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಪ್ರಾಕ್ಸಿಗೆ ವಿದ್ಯಾರ್ಥಿ ಯಾರೆಂದು ಗೊತ್ತಾಗುವುದೇ ಇಲ್ಲ, ಗೊತ್ತಾಗುವುದು ಐಪಿ ವಿಳಾಸ, ಅಂದರೆ ಜಾಲದಲ್ಲಿ ಯಂತ್ರಕ್ಕೆ ಸಿಕ್ಕ ಸಂಖ್ಯೆ ಮಾತ್ರ. ಆ ವಿಳಾಸವನ್ನು ಆಸನ ಪಟ್ಟಿಯ ಜೊತೆ ತಾಳೆ ಹಾಕಿ ಹೆಸರು ಹಚ್ಚಲಾಗಿದೆ. ರೂಟರ್ ಈ ವಿಳಾಸಗಳನ್ನು ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಮೂಲಕ ಇಂತಿಷ್ಟು ಅವಧಿಗೆಂದು ಹಂಚುತ್ತದೆ. ಅವಧಿ ಮುಗಿದ ಮೇಲೆ, ಅಥವಾ ಕರೆಂಟು ಹೋಗಿ ರೂಟರ್ ಮತ್ತೆ ಶುರುವಾದ ಮೇಲೆ ನಿನ್ನೆ ಏಳನೇ ಯಂತ್ರಕ್ಕಿದ್ದ ವಿಳಾಸ ಇಂದು ಹನ್ನೆರಡನೆಯದಕ್ಕೆ ಸಿಗಬಹುದು. ಇದರ ಮೇಲೆ ಒಂದೊಂದು ಯಂತ್ರಕ್ಕೆ ಇಬ್ಬಿಬ್ಬರು ಮಕ್ಕಳು. ಪಟ್ಟಿಯಲ್ಲಿ ಅಕ್ಕಪಕ್ಕದ ರೋಲ್ ನಂಬರುಗಳ ಮುಂದೆ ಕೊನೆಯ ಅಂಕೆಯವರೆಗೂ ಒಂದೇ ಸಂಖ್ಯೆ ಇರುವುದು ಅದಕ್ಕೇ: ಯಂತ್ರದ ಪೂರ್ತಿ ಬಳಕೆಯನ್ನು ಇಬ್ಬರ ತಲೆಗೂ ಪೂರ್ತಿಯಾಗಿ ಕಟ್ಟಲಾಗಿದೆ. ಇಡೀ ಚಾಳಿಗೆ ಒಂದೇ ನೀರಿನ ಮೀಟರ್ ಇಟ್ಟುಕೊಂಡು, ಮೂರನೇ ಖೋಲಿಯವರೇ ಜಾಸ್ತಿ ನೀರು ಸುರಿದರು ಎಂದು ಬೋರ್ಡು ಬರೆದಂತಾಯಿತು.

ಇನ್ನೊಂದು ಸೂಕ್ಷ್ಮವಿದೆ, ವರದಿ ಮಾಡುವವರು ಸಾಮಾನ್ಯವಾಗಿ ಗಮನಿಸದೇ ಹೋಗುವಂಥದ್ದು. ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶ ಒಂದು ಸಂಪರ್ಕವನ್ನು ಲಾಗ್‌ನಲ್ಲಿ ಬರೆಯುವುದು ಅದು ತೆರೆದಾಗ ಅಲ್ಲ, ಮುಚ್ಚಿದಾಗ. ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ) ತಾಣಗಳ ಸಂಪರ್ಕ ಬಹಳ ಹೊತ್ತು ತೆರೆದೇ ಇರುತ್ತದೆ. ಒಂಬತ್ತನೆಯವರು ಪಿರಿಯಡ್ ಮುಗಿಸಿ ಬ್ರೌಸರ್ ಮುಚ್ಚದೆ ಎದ್ದು ಹೋದರು, ಹತ್ತನೆಯವರು ಬಂದು ಕೂತು ಆ ಟ್ಯಾಬ್ ಮುಚ್ಚಿದರು ಎಂದುಕೊಳ್ಳಿ. ಹಿಂದಿನವರ ಪಿರಿಯಡ್ಡಿನ ಬೈಟುಗಳೆಲ್ಲ ಆ ಕ್ಷಣದ ಮುದ್ರೆಯೊಂದಿಗೆ ಹತ್ತನೆಯವರ ಖಾತೆಗೆ ಬೀಳುತ್ತವೆ. ಲಾಗ್‌ನ ಎರಡನೇ ಕಾಲಂ ಸಂಪರ್ಕ ಎಷ್ಟು ಮಿಲಿಸೆಕೆಂಡು ತೆರೆದಿತ್ತು ಎಂದು ಹೇಳುತ್ತದೆ. ಮೊದಲ ಕಾಲಂನ ಸಮಯದಿಂದ ಅದನ್ನು ಕಳೆದರೆ ನಿಜವಾದ ಆರಂಭ ಸಿಗುತ್ತದೆ. ಈ ಪಟ್ಟಿಯಲ್ಲಿ ಆ ವ್ಯವಕಲನ ನಡೆದಿಲ್ಲ.

ಹಾಗಾದರೆ ದೊಡ್ಡ ದೊಡ್ಡ ಅಂಕಿಗಳು ಎಲ್ಲಿಂದ ಬಂದವು? ಕೆಂಪು ಶಾಯಿಯ ಹೆಸರುಗಳು ಹೆಚ್ಚಾಗಿ ಬುಧವಾರ ಬೆಳಿಗ್ಗೆ ಲ್ಯಾಬ್ ಇರುವ ತರಗತಿಯವು. ಮೈಕ್ರೋಸಾಫ್ಟ್ ತನ್ನ ಮಾಸಿಕ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುವುದು ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಹತ್ತು ಗಂಟೆಗೆ. ನಮ್ಮಲ್ಲಿ ಆಗ ಮಂಗಳವಾರ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಲ್ಯಾಬಿನ ವಿಂಡೋಸ್ 11 ಯಂತ್ರಗಳು ಆಮೇಲೆ ಮೊದಲು ಕಣ್ಣು ಬಿಡುವುದು ಬುಧವಾರ ಬೆಳಿಗ್ಗೆ. ಒಂದು ಅಪ್‌ಡೇಟ್ ಹಲವು ನೂರು ಎಂಬಿ ಇರುವುದು ಸಾಮಾನ್ಯ, ಕೆಲವೊಮ್ಮೆ ಜಿಬಿಯನ್ನೂ ದಾಟುತ್ತದೆ. 700 ಎಂಬಿ ಎಂದಿಟ್ಟುಕೊಂಡರೂ 24 ಯಂತ್ರಗಳಿಗೆ ಹದಿನಾರು ಜಿಬಿಗೂ ಹೆಚ್ಚು. ಮಗು ಮೌಸ್ ಮುಟ್ಟದಿದ್ದರೂ ಅದರ ತಿಂಗಳ ಕೋಟಾದಲ್ಲಿ ಸುಮಾರು ಮುಕ್ಕಾಲು ಪಾಲು ಹೋಯಿತು. ಕ್ರೋಮ್ ಮತ್ತು ಆಂಟಿವೈರಸ್ ಅಪ್‌ಡೇಟ್‌ಗಳು, ಒನ್‌ಡ್ರೈವ್ ಸಿಂಕ್ ಬೇರೆ.

ಅತ್ತ ನಿಜವಾಗಿ ವಿಡಿಯೋ ನೋಡಿದವರ ಲೆಕ್ಕ ಪಟ್ಟಿಗೆ ಬಂದೇ ಇಲ್ಲದಿರಬಹುದು. ನಿಮ್ಮ ಪ್ರಾಕ್ಸಿ ಬ್ರೌಸರಿಗೆ ಹೇಳದೆ ನಡುವೆ ಕೂತು ಕೇಳುವ ಬಗೆಯದು, ಟಿಸಿಪಿ ಎಂಬ ವಿಧಾನದ ಸಂಪರ್ಕಗಳನ್ನು ಮಾತ್ರ ಹಿಡಿಯುತ್ತದೆ. ಕ್ರೋಮ್‌ನಲ್ಲಿ ಯೂಟ್ಯೂಬ್ ಸಾಮಾನ್ಯವಾಗಿ ಓಡುವುದು ಕ್ವಿಕ್ ಎಂಬ ವಿಧಾನದಲ್ಲಿ, ಅಂದರೆ ಟಿಸಿಪಿಯಲ್ಲದೆ ಯುಡಿಪಿ ಎಂಬ ಬೇರೆ ಹಾದಿಯ 443ನೇ ಪೋರ್ಟಿನಲ್ಲಿ (ದ್ವಾರದಲ್ಲಿ). ಅದು ಪ್ರಾಕ್ಸಿಯ ಪಕ್ಕದಿಂದ ನುಸುಳಿ ಸೀದಾ ಹೊರಗೆ ಹೋಗುತ್ತದೆ. ಒಂದು ಗಂಟೆ ವಿಡಿಯೋ ನೋಡಿದವನ ಹೆಸರು ಪಟ್ಟಿಯ ಕೆಳಗೆ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕ ಇಳಿಸಿಕೊಂಡವಳ ಹೆಸರು ಮೇಲೆ. ಯುಡಿಪಿ 443ನ್ನು ಫೈರ್‌ವಾಲ್‌ನಲ್ಲಿ ತಡೆದರೆ ಬ್ರೌಸರ್ ತಾನಾಗಿ ಟಿಸಿಪಿಗೆ ಮರಳುತ್ತದೆ. ಅದಕ್ಕಿಂತ ಮೇಲು, ಬೈಟುಗಳ ಲೆಕ್ಕವನ್ನು ಪ್ರಾಕ್ಸಿಯಲ್ಲಿ ಬಿಟ್ಟು ರೂಟರಿನಲ್ಲೇ ಹಿಡಿಯುವುದು, ಅಲ್ಲಿ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ.

ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆಯಿದೆ. ಇಂಟರ್ನೆಟ್ ಸೇವೆ ಕೊಡುವವರ ಪೋರ್ಟಲ್‌ಗೆ ಶಾಲೆಯ ಖಾತೆಯಿಂದ ಹೋಗಿ ತಿಂಗಳ ಒಟ್ಟು ಬಳಕೆ ತೆಗೆಯಿರಿ. ಬೋರ್ಡಿನ ಪಟ್ಟಿಯನ್ನು ಕೂಡಿಸಿ, ಕಚೇರಿಯ ಮತ್ತು ವೈಫೈ ಬಳಕೆಯನ್ನೂ ಸೇರಿಸಿ. ಎರಡೂ ತಾಳೆಯಾದರೆ ನಮ್ಮ ಪತ್ರವನ್ನು ಬದಿಗಿಡಿ.

ಈಗ ಶಿಕ್ಷಕಿಯ ವಿಷಯ. ಕನ್ನಡದ ಒಂದು ಸುದ್ದಿ ತಾಣ ತೆರೆದರೆ ಆ ಪುಟದ ಜೊತೆಗೆ ಜಾಹೀರಾತು, ವಿಡಿಯೋ, ಫೇಸ್‌ಬುಕ್‌ನಂಥ ಕಂಪನಿಗಳು ಓದುಗರನ್ನು ಎಣಿಸಲು ಇಟ್ಟ ಸಾಧನ ಎಂದು ಹತ್ತಾರು ಬೇರೆ ತಾಣಗಳು ತಾವಾಗಿ ಬರುತ್ತವೆ. ಲಾಗ್‌ನಲ್ಲಿ ಫೇಸ್‌ಬುಕ್ ಎಂಬ ಹೆಸರು ಬೀಳಲು ಫೇಸ್‌ಬುಕ್ ತೆರೆಯಬೇಕಾಗಿಲ್ಲ. ಸಾಲುಗಳನ್ನು ಎಣಿಸಿ ‘ಇಷ್ಟು ಸಲ ಹೋದರು’ ಎನ್ನುವ ವರದಿ ಈ ವ್ಯತ್ಯಾಸ ತಿಳಿಯದು. ಸಭೆಯಲ್ಲಿ ಅದನ್ನು ಓದಿದ ಮೇಲೆ ಆ ಶಿಕ್ಷಕಿಗೆ ಕ್ಷಮೆಯ ಒಂದು ಮಾತು ಹೇಳುವ ಹೊಣೆ ಮಂಡಳಿಯ ಮೇಲಿದೆ.

ತಾಣಗಳ ಹೆಸರನ್ನು ಬೋರ್ಡಿಗೆ ಹಾಕುವುದು ಬರೀ ಲೆಕ್ಕದ ತಪ್ಪಲ್ಲ. ಹದಿನಾಲ್ಕು ವರ್ಷದ ಹುಡುಗಿ ಮುಟ್ಟಿನ ನೋವಿನ ಬಗ್ಗೆ ಹುಡುಕಿರಬಹುದು. ಮನೆಯಲ್ಲಿ ಹೊಡೆತ ತಿನ್ನುವ ಹುಡುಗ ಮಕ್ಕಳ ಸಹಾಯವಾಣಿ 1098ರ ಬಗ್ಗೆಯೋ, ಮನಸ್ಸಿನ ತೊಂದರೆಗಿರುವ ಟೆಲಿ ಮಾನಸ್ 14416ರ ಬಗ್ಗೆಯೋ ಓದಿರಬಹುದು. ಬೋರ್ಡು ಓದುವವರಲ್ಲಿ ಅವರ ಸಹಪಾಠಿಗಳಿದ್ದಾರೆ, ಕೆಲವೊಮ್ಮೆ ಹೊಡೆಯುವ ಅಪ್ಪನೂ ಇರುತ್ತಾನೆ. ಒಮ್ಮೆ ಹೆಸರು ಬಿದ್ದರೆ ಆ ಮಗು ಮತ್ತೆ ಹುಡುಕುವುದಿಲ್ಲ.

ಕಾನೂನೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನೂ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ನಿಷೇಧಿಸುತ್ತದೆ. ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ, 2025ರ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿಯನ್ನೂ ಕೊಟ್ಟಿವೆ ನಿಜ. ಆದರೆ ಆ ವಿನಾಯಿತಿ ಸಂಸ್ಥೆಯ ಶೈಕ್ಷಣಿಕ ಕೆಲಸಕ್ಕೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದ ಮಟ್ಟಿಗೆ ಮಾತ್ರ. ಗೋಡೆಗೆ ಹೆಸರು ತೂಗುಹಾಕುವುದು ಇವೆರಡರಲ್ಲಿ ಯಾವುದು?

ಉಪಕರಣ ಮಾರಿದವರು 180 ದಿನ ಲಾಗ್ ಇಡುವುದು ಸರ್ಕಾರದ ಆದೇಶ ಎಂದು ನಿಮಗೆ ಹೇಳಿದ್ದಾರೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಅಂಥ ನಿರ್ದೇಶನ ಹೊರಡಿಸಿದ್ದು ನಿಜವೇ. ಲಾಗ್‌ಗಳನ್ನು ಭದ್ರವಾಗಿ ಇಡಿ, ಸೈಬರ್ ಘಟನೆ ನಡೆದಾಗ ಅಥವಾ ಸರ್ಟ್-ಇನ್ ಕೇಳಿದಾಗ ಕೊಡಿ ಎನ್ನುತ್ತದೆ ಅದು. ಯಂತ್ರಗಳ ಗಡಿಯಾರವನ್ನು ಸರಿಯಾದ ಸಮಯ ಸರ್ವರಿಗೆ ಹೊಂದಿಸಿ ಎಂದೂ ಅದರಲ್ಲೇ ಇದೆ. ಅದನ್ನು ಯಾರೂ ಓದಿದಂತಿಲ್ಲ.

ಅದೇ ಮಾರಾಟಗಾರರು ಮುಂದಿನ ಹೆಜ್ಜೆಯಾಗಿ ಎಲ್ಲ ಯಂತ್ರಗಳಲ್ಲೂ ಶಿಕ್ಷಕರ ಫೋನುಗಳಲ್ಲೂ ಒಂದು ‘ರೂಟ್ ಸರ್ಟಿಫಿಕೇಟ್’ (ನಡುವಿನ ಪೆಟ್ಟಿಗೆಯನ್ನು ಬ್ರೌಸರ್ ನಂಬುವಂತೆ ಮಾಡುವ ಡಿಜಿಟಲ್ ಪ್ರಮಾಣಪತ್ರ) ಹಾಕಿಸಿ ಎಚ್‌ಟಿಟಿಪಿಎಸ್ ಒಳಗೂ ನೋಡೋಣ ಎನ್ನುತ್ತಿದ್ದಾರೆಂದು ಕೇಳಿದೆವು. ದಯವಿಟ್ಟು ಒಪ್ಪಬೇಡಿ. ಅದನ್ನು ಹಾಕಿದ ದಿನದಿಂದ ಬ್ರೌಸರಿನಲ್ಲಿ ಹೊಡೆದ ಬ್ಯಾಂಕ್ ಪಾಸ್‌ವರ್ಡ್, ಪತ್ರ, ವೈದ್ಯರ ವರದಿ ಎಲ್ಲವೂ ಆ ಪೆಟ್ಟಿಗೆಯೊಳಗೆ ಬಿಚ್ಚಿಕೊಂಡೇ ಹಾದುಹೋಗುತ್ತವೆ. ಪೆಟ್ಟಿಗೆಯ ಪಾಸ್‌ವರ್ಡ್ ಇದ್ದವರಿಗೆ ಎಲ್ಲವೂ ಕಾಣುತ್ತದೆ. ಇಷ್ಟಾಗಿಯೂ ಕೆಲಸ ಪೂರ್ತಿ ಆಗುವುದಿಲ್ಲ: ಆಂಡ್ರಾಯ್ಡ್ 7ರಿಂದೀಚೆಗೆ ಬಳಕೆದಾರ ತಾನೇ ಸೇರಿಸಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ಸಾಮಾನ್ಯವಾಗಿ ನಂಬುವುದಿಲ್ಲ. ಬ್ಯಾಂಕಿನ ಆ್ಯಪ್ ನಿಲ್ಲುತ್ತದೆ, ಸರ್ಟಿಫಿಕೇಟ್ ಹಾಕದ ಯಂತ್ರದಲ್ಲಿ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ, ಎಚ್ಚರಿಕೆಯನ್ನು ಓದದೆ ಮುಂದಕ್ಕೆ ಒತ್ತುವುದನ್ನು ಮಕ್ಕಳು ಕಲಿಯುತ್ತಾರೆ. ಅಶ್ಲೀಲ ತಾಣಗಳನ್ನು ತಡೆಯಲು ಇಷ್ಟೆಲ್ಲ ಬೇಕಿಲ್ಲ. ರೂಟರಿನಲ್ಲಿ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸವನ್ನು ಅಂಥ ತಾಣಗಳನ್ನು ತಡೆಯುವ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಎಂದು ಬದಲಿಸಿ, ಬೇರೆ ಡಿಎನ್‌ಎಸ್‌ಗೆ ಹೋಗುವ 53ನೇ ಪೋರ್ಟನ್ನು ಮುಚ್ಚಿ, ಬ್ರೌಸರಿನ ‘ಸೆಕ್ಯೂರ್ ಡಿಎನ್‌ಎಸ್’ ಆಯ್ಕೆಯನ್ನು ಲ್ಯಾಬಿನ ಯಂತ್ರಗಳಲ್ಲಿ ಆಫ್ ಮಾಡಿದರೆ ಹೆಚ್ಚಿನವು ಅಲ್ಲೇ ನಿಲ್ಲುತ್ತವೆ. ಖರ್ಚಿಲ್ಲ.

ಕೋಟಾದ ಬಗ್ಗೆ. ಲೈನು ನಿಧಾನವಾಗುತ್ತದೆ, ಅದಕ್ಕೇ ಕೋಟಾ ಎಂದಿದ್ದೀರಿ. ತಿಂಗಳ ಕೋಟಾದಿಂದ ಆ ತೊಂದರೆ ಹೋಗುವುದಿಲ್ಲ. 24 ಮಕ್ಕಳು ಏಕಕಾಲಕ್ಕೆ 1080ಪಿ ವಿಡಿಯೋ ಹಾಕಿದರೆ, ಒಂದಕ್ಕೆ 5 ಎಂಬಿಪಿಎಸ್ ಹಿಡಿದರೂ 120 ಬೇಕು. ಇರುವುದು 100. ತಿಂಗಳ ಮೊದಲ ದಿನ, ಎಲ್ಲರ ಕೋಟಾ ತುಂಬಿರುವಾಗಲೂ ಲೈನು ಕಟ್ಟಿಕೊಳ್ಳುತ್ತದೆ. ಬೇಕಾದದ್ದು ಆ ಕ್ಷಣದ ಹಂಚಿಕೆ. ರೂಟರ್ ಮೈಕ್ರೋಟಿಕ್ ಆದರೆ ಅದರಲ್ಲಿರುವ ಪಿಸಿಕ್ಯೂ ಎಂಬ ಹಂಚಿಕೆ ಸೌಲಭ್ಯ, ಓಪನ್‌ಡಬ್ಲ್ಯುಆರ್‌ಟಿ ಆದರೆ ಎಸ್‌ಕ್ಯೂಎಂನಲ್ಲಿ ಕೇಕ್. ಒಟ್ಟು ವೇಗವನ್ನು 100ಕ್ಕೆ ಬದಲು 90ಕ್ಕೆ ಕಟ್ಟಿ, ಆಗ ಸಾಲು ಸೇವಾದಾರರ ಕಡೆ ಬೆಳೆಯದೆ ನಿಮ್ಮ ರೂಟರಿನಲ್ಲೇ ನಿಂತು ನಿಮ್ಮ ಮಾತು ಕೇಳುತ್ತದೆ. ಎಲ್ಲರೂ ಕೂತಾಗ ಯಂತ್ರಕ್ಕೆ ಸುಮಾರು 4 ಎಂಬಿಪಿಎಸ್ ಬರುತ್ತದೆ, 720ಪಿ ಪಾಠಕ್ಕೆ ಅಷ್ಟು ಸಾಕು. ಅರ್ಧ ಲ್ಯಾಬ್ ಖಾಲಿಯಿದ್ದರೆ ಪಾಲು ತಾನಾಗಿ ದುಪ್ಪಟ್ಟಾಗುತ್ತದೆ.

ಇನ್ನು 1 ಜಿಬಿ ಎಂದರೆ ಎಷ್ಟು? 480ಪಿ ವಿಡಿಯೋ ಗಂಟೆಗೆ ಹೆಚ್ಚುಕಡಿಮೆ ಅರ್ಧ ಜಿಬಿ. ಸರ್ಕಾರದ ದೀಕ್ಷಾ ತಾಣದ ಪಾಠಗಳನ್ನು ಇಡೀ ತಿಂಗಳಲ್ಲಿ ಎರಡು ಗಂಟೆ ನೋಡಿದರೆ ಮುಗಿಯಿತು. ಮನೆಯಲ್ಲಿ ಫೋನೂ ಡೇಟಾ ಪ್ಯಾಕೂ ಇರುವ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಅಪ್ಪ ಹೋಟೆಲಿನಲ್ಲಿ, ಅಮ್ಮ ಮನೆಕೆಲಸದಲ್ಲಿ, ಇಡೀ ಮನೆಗೆ ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಇರುವ ಮಗುವಿಗೆ ಲ್ಯಾಬ್ ಬಿಟ್ಟರೆ ಬೇರೆ ಗತಿಯಿಲ್ಲ. ಲ್ಯಾಬನ್ನು ಕಟ್ಟಿಸಿದ್ದು ಯಾರಿಗಾಗಿ ಎಂದು ದಾನಿಗಳನ್ನೇ ಕೇಳಿ.

ಕೆಲವು ಖರ್ಚುಗಳನ್ನು ಬೇರಿನಲ್ಲೇ ಉಳಿಸಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಡೆಲಿವರಿ ಆಪ್ಟಿಮೈಸೇಶನ್‌ಗೆ ಹೋಗಿ ‘ಲೋಕಲ್ ನೆಟ್‌ವರ್ಕ್‌ನ ಯಂತ್ರಗಳಿಂದ ಪಡೆಯುವುದು’ ಎಂಬುದನ್ನು 24ರಲ್ಲೂ ಆನ್ ಮಾಡಿ. ಆಗ ಅಪ್‌ಡೇಟಿನ ಬಹುಪಾಲು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಳಗೊಳಗೇ ಹರಿಯುತ್ತದೆ. ಮಂಗಳವಾರ ಬಿಟ್ಟ ಅಪ್‌ಡೇಟಿಗಾಗಿ ಬುಧವಾರ ಮೊದಲ ಪಿರಿಯಡ್ಡಿಗಿಂತ ಒಂದು ಗಂಟೆ ಮುಂಚೆ ಎರಡು ಯಂತ್ರ ಹಚ್ಚಿಟ್ಟರೆ ಇನ್ನೂ ಒಳ್ಳೆಯದು. ಲೈನನ್ನು ‘ಮೀಟರ್ಡ್’ ಎಂದು ಗುರುತಿಸಿ ಅಪ್‌ಡೇಟನ್ನೇ ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಭದ್ರತಾ ತೇಪೆಗಳೂ ನಿಂತುಹೋಗಬಹುದು. ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳ ಪಿಡಿಎಫ್‌ಗಳನ್ನು ಒಮ್ಮೆ ಇಳಿಸಿ ಲ್ಯಾಬಿನ ಒಂದು ಯಂತ್ರದ ಶೇರ್ಡ್ ಫೋಲ್ಡರಿನಲ್ಲಿಡಿ. 40 ಎಂಬಿಯ ಒಂದೇ ಪುಸ್ತಕವನ್ನು 24 ಯಂತ್ರಗಳಲ್ಲಿ ಇಳಿಸಿದರೆ 960 ಎಂಬಿ, ಅಲ್ಲಿಗೆ ಒಬ್ಬ ವಿದ್ಯಾರ್ಥಿಯ ತಿಂಗಳ ಕೋಟಾ ಆಯಿತು. ಕನ್ನಡ ವಿಕಿಪೀಡಿಯವನ್ನೂ ಇಂಟರ್ನೆಟ್ ಇಲ್ಲದೆ ಓದಲು ಬರುವ ಕಿವಿಕ್ಸ್ ತಂತ್ರಾಂಶದ ಮೂಲಕ ಹಾಗೆಯೇ ಒಳಗಿಡಬಹುದು.

ಶಿಕ್ಷಕರ ಮತ್ತು ಅತಿಥಿಗಳ ವೈಫೈಗೆ ಕೋಟಾ ಇರಲಿ, ಅದು ನ್ಯಾಯವೇ. ಆದರೆ ಈಗಿರುವಂತೆ ಫೋನಿನ ಮ್ಯಾಕ್ ವಿಳಾಸಕ್ಕೆ (ವೈಫೈಯಲ್ಲಿ ಫೋನನ್ನು ಗುರುತಿಸುವ ಸಂಖ್ಯೆಗೆ) ಕಟ್ಟಬೇಡಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗಿನ ಫೋನುಗಳು ಸಾಮಾನ್ಯವಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸ ತೋರಿಸುವುದಿಲ್ಲ. ಸೆಟ್ಟಿಂಗ್ ಬದಲಿಸಲು ಬಲ್ಲವರಿಗೆ ಹೊಸ ಕೋಟಾ ಸಿಗುತ್ತದೆ, ಅರಿಯದವರಿಗೆ ಇಲ್ಲ. ಒಬ್ಬೊಬ್ಬರಿಗೆ ಒಂದು ಲಾಗಿನ್ ಕೊಡಿ. ಕೋಟಾ ತಿಂಗಳದ್ದು ಬೇಡ, ದಿನದ್ದಿರಲಿ: ದಿನಕ್ಕೆ 500 ಎಂಬಿ, ಮೀರಿದರೆ ಕತ್ತರಿಸದೆ ವೇಗವನ್ನು 1 ಎಂಬಿಪಿಎಸ್‌ಗೆ ಇಳಿಸಿ. ಯು-ಡೈಸ್ ಪ್ಲಸ್, ಸರಳ್ ಎಂಬ ಸರ್ಕಾರಿ ಪೋರ್ಟಲ್‌ಗಳ ಮತ್ತು ಪರೀಕ್ಷಾ ಬೋರ್ಡಿನ ಫಾರ್ಮು ತುಂಬುವ ಕೆಲಸಕ್ಕೆ ಮಿತಿಯಿಲ್ಲದ ಪ್ರತ್ಯೇಕ ಕಚೇರಿ ಲಾಗಿನ್ ಇರಲಿ. ಶಾಲೆಯ ಕೆಲಸವನ್ನು ಶಿಕ್ಷಕರ ಸ್ವಂತ ಲೆಕ್ಕಕ್ಕೆ ಬರೆಯುವುದು ಈಗ ನಡೆಯುತ್ತಿದೆ. ಲಾಗಿನ್ ಪರಿಶೀಲಿಸಿ ಬಳಕೆಯ ಲೆಕ್ಕ ಇಡುವ ರೇಡಿಯಸ್ ಸರ್ವರ್ ಇಡುವುದಾದರೆ ಎರಡು ಎಚ್ಚರಿಕೆ. ಅದರ ಬೈಟ್ ಎಣಿಕೆ 32 ಬಿಟ್‌ನದು, 4 ಜಿಬಿ ದಾಟಿದೊಡನೆ ಸೊನ್ನೆಗೆ ಮರಳುತ್ತದೆ, ಎಷ್ಟು ಸಲ ಮರಳಿತೆಂಬುದು ‘ಗಿಗಾವರ್ಡ್ಸ್’ ಎಂಬ ಬೇರೆ ಕಾಲಂನಲ್ಲಿ ಇರುತ್ತದೆ, ಆ ಸಂಖ್ಯೆಯನ್ನು 4 ಜಿಬಿಯಿಂದ ಗುಣಿಸಿ ಕೂಡಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋದಾಗ ಸೆಷನ್ ಮುಗಿದ ಸುದ್ದಿ ಸರ್ವರಿಗೆ ತಲುಪುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ನಡುಲೆಕ್ಕ ಕಳಿಸುವಂತೆ ಹೊಂದಿಸಿರಬೇಕು.

ಆದ್ದರಿಂದ ನಮ್ಮ ಕೋರಿಕೆ. ಪಟ್ಟಿಯನ್ನು ಈ ವಾರವೇ ತೆಗೆಯಿರಿ, ಅದರ ಫೋಟೋಗಳು ತರಗತಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದರೆ ಅಳಿಸಲು ಹೇಳಿ. ಹತ್ತನೆಯ ಮೂವರನ್ನು ಪ್ರಿಲಿಮ್ಸ್‌ಗೆ ಮೊದಲೇ ಲ್ಯಾಬಿಗೆ ಬಿಡಿ, ತಪ್ಪು ಲೆಕ್ಕದ್ದು ಎಂದು ಅವರ ಪಾಲಕರಿಗೆ ಮಂಡಳಿಯೇ ತಿಳಿಸಲಿ. ವಿದ್ಯಾರ್ಥಿಗಳ ಕೋಟಾ ರದ್ದಾಗಲಿ, ಬದಲಿಗೆ ವೇಗದ ಹಂಚಿಕೆ ಬರಲಿ. ಲಾಗ್ ತೆರೆಯಲು ಇಬ್ಬರು ಜೊತೆಗಿರಬೇಕು, ಮುಖ್ಯೋಪಾಧ್ಯಾಯರು ಮತ್ತು ಮಂಡಳಿ ಗೊತ್ತುಮಾಡಿದ ಒಬ್ಬ ಶಿಕ್ಷಕರು. ಏಕೆ, ಯಾವತ್ತು ತೆರೆದರು ಎಂಬುದಕ್ಕೆ ಒಂದು ರಿಜಿಸ್ಟರ್ ಇರಲಿ. 180 ದಿನ ಕಳೆದ ಲಾಗ್ ತಾನಾಗಿ ಅಳಿಯಲಿ. ತಿಂಗಳ ವರದಿಯಲ್ಲಿ ಒಟ್ಟು ಬಳಕೆ, ತರಗತಿವಾರು ಬಳಕೆ, ಅಪ್‌ಡೇಟಿಗೆ ಹೋದದ್ದು ಇಷ್ಟೇ ಇರಲಿ, ಹೆಸರು ಬೇಡ. ಏನನ್ನು ಅಳೆಯುತ್ತೀರಿ, ಏನನ್ನು ನೋಡುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಪಾಲಕರ ಸಭೆಯಲ್ಲಿ ಓದಿ. ರೂಟ್ ಸರ್ಟಿಫಿಕೇಟ್ ಪ್ರಸ್ತಾಪವನ್ನು ಕೈಬಿಟ್ಟಿದ್ದೇವೆಂದು ಲಿಖಿತವಾಗಿ ತಿಳಿಸಿ.

ಇದಕ್ಕೆ ಹೊಸ ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. ಈಗಿರುವ ರೂಟರಿನಲ್ಲಿ ಆಗದಿದ್ದರೆ ಎರಡು ಲ್ಯಾನ್ ಕಾರ್ಡು, 8 ಜಿಬಿ ರ್‍ಯಾಮ್ ಇರುವ ಹಳೆಯ ಡೆಸ್ಕ್‌ಟಾಪಿನ ಮೇಲೆ ಓಪಿಎನ್‌ಸೆನ್ಸ್ ಎಂಬ ರೂಟರ್ ತಂತ್ರಾಂಶ ಹಾಕಿದರೆ ಸಾಕು, ಪರವಾನಗಿ ಶುಲ್ಕವೂ ಇಲ್ಲ. ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿಯಿರುವಾಗ ನಮ್ಮಲ್ಲಿ ಇಬ್ಬರು ಬಂದು ಸಂಬಳವಿಲ್ಲದೆ ಮಾಡಿಕೊಡಲು ಸಿದ್ಧ. ನಮಗೆ ಬೇಕಾದದ್ದು ರೂಟರಿನ ಅಡ್ಮಿನ್ ಪಾಸ್‌ವರ್ಡ್, ಯಾವ ತಂತಿ ಯಾವ ಯಂತ್ರಕ್ಕೆ ಹೋಗಿದೆ ಎಂಬ ಪಟ್ಟಿ ಮತ್ತು ಪಕ್ಕದಲ್ಲಿ ಕೂತು ಕಲಿಯುವ ಶಾಲೆಯವರೇ ಒಬ್ಬರು. ಕೆಲಸ ಮುಗಿದೊಡನೆ ಅಡ್ಮಿನ್ ಪಾಸ್‌ವರ್ಡನ್ನು ಅವರೇ ಬದಲಿಸಿಕೊಳ್ಳಲಿ, ನಮಗೆ ಹೇಳಬೇಕಾಗಿಲ್ಲ. ಮಾರಾಟಗಾರರ ಕೈಯಲ್ಲೂ ಅದು ಉಳಿಯಬಾರದು.

ಉತ್ತರವನ್ನು ಮುಂದಿನ ಪಾಲಕರ ಸಭೆಗೆ ಮೊದಲು ಲಿಖಿತವಾಗಿ ನಿರೀಕ್ಷಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಾಲೆಯ ಕೆಲವು ಪಾಲಕರು ಮತ್ತು ಹಳೆ ವಿದ್ಯಾರ್ಥಿಗಳು
ಮುಂಬಯಿ